ಮ್ಯೂನಿಕ್‌ನಿಂದ ಲುಡ್ವಿಗ್ ದೊರೆಯ ಅರಮನೆಗಳಿಗೆ: ಸ್ವಂತ ಗೈಡ್ ಮತ್ತು ಕಾರಿನೊಂದಿಗೆ ಒಂದು ದಿನದ ಪ್ರವಾಸವನ್ನು ಏರ್ಪಡಿಸುವ ಬಗೆ

ಮ್ಯೂನಿಕ್‌ನಲ್ಲಿ ನೌಕರಿಯಲ್ಲಿರುವ ಕನ್ನಡಿಗರ ಮನೆಗೆ ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಿಳಿದ ಮೇಲೆ, ಬೆಟ್ಟದ ನೆತ್ತಿಯ ಮೇಲಿರುವ ಆ ಬಿಳಿಯ ಅರಮನೆಯನ್ನು ಅವರಿಗೆ ತೋರಿಸುವುದು ಹೇಗೆ ಎಂಬ ಪ್ರಶ್ನೆ ಬಹಳ ದಿನ ತಡೆಯದೆ ಎದ್ದೇಳುತ್ತದೆ. ಆ ಅರಮನೆಯ ಹೆಸರು ನೊಯ್‌ಶ್ವಾನ್‌ಸ್ಟೈನ್. ನಗರದಿಂದ ಅದು ಸುಮಾರು 120 ಕಿಲೋಮೀಟರ್ ದೂರದಲ್ಲಿ, ಆಸ್ಟ್ರಿಯಾದ ಗಡಿಗೆ ಹತ್ತಿಕೊಂಡಂತೆ, ಆಲ್ಪ್ಸ್ ಪರ್ವತಗಳ ಬುಡದಲ್ಲಿದೆ. ಇಬ್ಬರು ಗಟ್ಟಿಮುಟ್ಟಾದ ತರುಣರು ಹೋಗುವುದಾದರೆ ಸ್ವಂತ ಗೈಡ್ ಆಗಲಿ ಕಾರಾಗಲಿ ಅಗತ್ಯವಿಲ್ಲ: ಐವರವರೆಗೆ ಒಟ್ಟಿಗೆ ಪ್ರಯಾಣಿಸಬಹುದಾದ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದೊಳಗಿನ ದಿನದ ಟಿಕೆಟ್) ಕೊಂಡು, ಎರಡು ಗಂಟೆ ರೈಲಿನಲ್ಲಿ ಫ್ಯೂಸೆನ್ ಊರಿಗೆ ಹೋಗಿ, ಅಲ್ಲಿಂದ ಬಸ್ ಹಿಡಿದರೆ ಬೆಟ್ಟದ ಬುಡ ತಲುಪಬಹುದು. ಆದರೆ ಮಂಡಿನೋವಿನ ಹಿರಿಯರು, ಪುಟ್ಟ ಮಕ್ಕಳು ಜೊತೆಯಲ್ಲಿದ್ದಾಗ, ಅಥವಾ ಒಂದೇ ದಿನದಲ್ಲಿ ಎರಡು ಅರಮನೆಗಳನ್ನು ನೋಡಬೇಕೆಂದಿದ್ದಾಗ, ಖಾಸಗಿ ಪ್ರವಾಸಕ್ಕೆ ಕೊಡುವ ಹಣ ಸಾರ್ಥಕವಾಗುತ್ತದೆ.

ಹಣ ಕೊಡುವ ಮುನ್ನ ಒಂದು ವಿಷಯ ಸ್ಪಷ್ಟವಾಗಿರಬೇಕು. ನೀವು ಗೊತ್ತುಮಾಡಿಕೊಂಡ ಗೈಡ್ ನೊಯ್‌ಶ್ವಾನ್‌ಸ್ಟೈನ್‌ನ ಒಳಗೆ ನಿಮಗೆ ವಿವರಣೆ ಕೊಡುವಂತಿಲ್ಲ. ಒಳಗೆ ಜನರನ್ನು ಕರೆದೊಯ್ಯುವವರು ಅರಮನೆಯ ಸಿಬ್ಬಂದಿ ಮಾತ್ರ. ಟಿಕೆಟ್ಟಿನ ಮೇಲೆ ಅಚ್ಚಾದ ನಿಮಿಷಕ್ಕೆ ಸರಿಯಾಗಿ ಇತರ ಪ್ರವಾಸಿಗಳ ಗುಂಪಿನೊಂದಿಗೆ ನೀವೂ ಒಳಗೆ ಹೋಗಿ, ಸುಮಾರು ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತೀರಿ. ಎಷ್ಟೇ ದುಬಾರಿ ಖಾಸಗಿ ಪ್ರವಾಸವಾದರೂ ಈ ನಿಯಮ ಬದಲಾಗುವುದಿಲ್ಲ. ಹಾಗಾದರೆ ಸ್ವಂತ ಗೈಡ್‌ನಿಂದ ಸಿಗುವುದೇನು ಎಂದರೆ, ದಾರಿಯುದ್ದಕ್ಕೂ ಕೇಳಬಹುದಾದ ಇತಿಹಾಸ, ನಿಮ್ಮ ನಡಿಗೆಗೆ ಹೊಂದುವ ವೇಗ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಗಡಿಯಾರದ ಹೊಣೆ. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಆ ಪ್ರವೇಶದ ಸಮಯವನ್ನೇ ಆಧರಿಸಿದೆ.

ಮೊದಲ ಹೆಜ್ಜೆ: ಯಾವ ಅರಮನೆಗಳು ಎಂದು ತೀರ್ಮಾನಿಸುವುದು

ಬವೇರಿಯಾದ ದೊರೆ ಎರಡನೆಯ ಲುಡ್ವಿಗ್ 1864ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಪಟ್ಟಕ್ಕೆ ಬಂದವನು. 1871ರಲ್ಲಿ ಬವೇರಿಯಾ ಜರ್ಮನ್ ಸಾಮ್ರಾಜ್ಯದ ಭಾಗವಾದ ಮೇಲೆ ಅವನ ಅಧಿಕಾರ ಬಹುಮಟ್ಟಿಗೆ ಹೆಸರಿಗಷ್ಟೇ ಉಳಿಯಿತು. ರಾಜ್ಯಭಾರದಲ್ಲಿ ಸಿಗದ ಅರಸುತನವನ್ನು ಅವನು ಕಟ್ಟಡಗಳಲ್ಲಿ ಹುಡುಕಿಕೊಂಡನೆನ್ನಬಹುದು. ನೊಯ್‌ಶ್ವಾನ್‌ಸ್ಟೈನ್, ಲಿಂಡರ್‌ಹೋಫ್, ಹೆರೆನ್‌ಕೀಮ್‌ಸೇ ಎಂಬ ಮೂರು ಅರಮನೆಗಳೂ ಶಾಖೆನ್ ಎಂಬ ಪರ್ವತಗೃಹವೂ ಸೇರಿ 2025ರ ಜುಲೈ ತಿಂಗಳಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಈ ನಾಲ್ಕರಲ್ಲಿ ಒಂದು ದಿನಕ್ಕೆ ಹೊಂದುವುದು ಎರಡು ಮಾತ್ರ: ಬೆಳಿಗ್ಗೆ ಲಿಂಡರ್‌ಹೋಫ್, ಮಧ್ಯಾಹ್ನ ನೊಯ್‌ಶ್ವಾನ್‌ಸ್ಟೈನ್. ಹೆರೆನ್‌ಕೀಮ್‌ಸೇ ಮ್ಯೂನಿಕ್‌ನ ಆಗ್ನೇಯಕ್ಕೆ, ಸರೋವರದ ನಡುವಿನ ದ್ವೀಪದಲ್ಲಿದೆ. ದೋಣಿಯಲ್ಲಿ ಹೋಗಬೇಕಾದ ಆ ಜಾಗಕ್ಕೆ ಬೇರೆಯೇ ದಿನ ಬೇಕು. ಶಾಖೆನ್‌ಗೆ ಬೆಟ್ಟದ ದಾರಿಯಲ್ಲಿ ಗಂಟೆಗಟ್ಟಲೆ ನಡೆಯಬೇಕಾಗುವುದರಿಂದ ಈ ಲೇಖನದ ಓದುಗರು ಅದನ್ನು ಮರೆಯಬಹುದು. ನೊಯ್‌ಶ್ವಾನ್‌ಸ್ಟೈನ್‌ನ ಎದುರಿಗೇ ಲುಡ್ವಿಗ್ ಬಾಲ್ಯವನ್ನು ಕಳೆದ ಹೊಹೆನ್‌ಶ್ವಾಂಗೌ ಎಂಬ ಹಳದಿ ಬಣ್ಣದ ಅರಮನೆಯಿದೆ. ಅವನ ತಂದೆ ಎರಡನೆಯ ಮ್ಯಾಕ್ಸಿಮಿಲಿಯನ್, ಪಟ್ಟಕ್ಕೆ ಬರುವ ಮೊದಲು, 1830ರ ದಶಕದಲ್ಲಿ ಪಾಳುಬಿದ್ದ ಹಳೆಯ ಕೋಟೆಯೊಂದನ್ನು ಅರಮನೆಯಾಗಿ ಕಟ್ಟಿಸಿಕೊಂಡದ್ದು ಅದು. ಹೇಗೂ ಅಲ್ಲಿಗೆ ಹೋಗಿರುತ್ತೇವಲ್ಲ ಎಂದು ಅದನ್ನೂ ಸೇರಿಸಿ ದಿನಕ್ಕೆ ಮೂರು ಮಾಡುವ ಪ್ರವಾಸ ಸಂಸ್ಥೆಗಳಿವೆ. ನನ್ನ ಅಭಿಪ್ರಾಯದಲ್ಲಿ ಅದು ದುರಾಸೆ. ಮೂರನೆಯ ಅರಮನೆಯ ಹೊತ್ತಿಗೆ ಹಿರಿಯರ ಕಣ್ಣು ಗೋಡೆಯ ಚಿತ್ರಗಳನ್ನು ಬಿಟ್ಟು ಕುರ್ಚಿಯನ್ನು ಹುಡುಕುತ್ತಿರುತ್ತದೆ.

ಇಲ್ಲಿ ಪದದ ವಿಷಯವಾಗಿ ಒಂದು ಮಾತು. ಜರ್ಮನ್ನರು ಅರಮನೆಗೆ ಶ್ಲಾಸ್ ಎನ್ನುತ್ತಾರೆ, ಕೋಟೆಗೆ ಬುರ್ಗ್ ಎನ್ನುತ್ತಾರೆ. ಇಂಗ್ಲಿಷಿನವರು ಎರಡಕ್ಕೂ ಕ್ಯಾಸಲ್ ಎಂದುಬಿಡುವುದರಿಂದ ಗೊಂದಲವಾಗುತ್ತದೆ. ಕನ್ನಡದಲ್ಲಿ ನಮಗೆ ಆ ತೊಂದರೆಯಿಲ್ಲ. ನೊಯ್‌ಶ್ವಾನ್‌ಸ್ಟೈನ್ ನೋಡಲು ಕೋಟೆಯಂತಿದ್ದರೂ ಅದು ಅರಮನೆಯೇ. ಅದರ ಬುರುಜುಗಳು ಯಾವ ಶತ್ರುವಿಗಾಗಿಯೂ ಎದ್ದವಲ್ಲ. ಚಿತ್ರದುರ್ಗದ ಏಳುಸುತ್ತನ್ನು ನೆನೆದು ಹೋಗುವ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿರಬೇಕು. ಅದನ್ನು ಹೋಲಿಸಲು ಮೈಸೂರಿನ ಅರಮನೆಯೇ ಸರಿಯಾದ ಉದಾಹರಣೆ. 1912ರಲ್ಲಿ ಮುಗಿದ ಅಂಬಾವಿಲಾಸದ ಕಲ್ಯಾಣಮಂಟಪದಲ್ಲಿ ಗ್ಲ್ಯಾಸ್ಗೋದಿಂದ ಬಂದ ಎರಕದ ಕಬ್ಬಿಣದ ಕಂಬಗಳು ನಿಂತಿರುವಂತೆ, 1869ರಲ್ಲಿ ಅಡಿಗಲ್ಲು ಬಿದ್ದ ನೊಯ್‌ಶ್ವಾನ್‌ಸ್ಟೈನ್‌ನಲ್ಲೂ ಮಧ್ಯಯುಗದ ಹೊರನೋಟದ ಹಿಂದೆ ಇಟ್ಟಿಗೆ, ಉಕ್ಕು, ಬಿಸಿಗಾಳಿಯ ತಾಪನ ವ್ಯವಸ್ಥೆ, ಪ್ರತಿ ಮಹಡಿಗೂ ಹರಿಯುವ ನೀರು, ವಿದ್ಯುತ್ ಕರೆಗಂಟೆ ಎಲ್ಲವೂ ಇವೆ.

ಎರಡನೆಯ ಹೆಜ್ಜೆ: ದಿನ ಮತ್ತು ಟಿಕೆಟ್

ಬಹಳಷ್ಟು ಜನ ಮೊದಲು ಗಾಡಿ ಗೊತ್ತುಮಾಡಿ ಆಮೇಲೆ ಟಿಕೆಟ್ ಹುಡುಕುತ್ತಾರೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಬೇಸಿಗೆಯಲ್ಲಿ ನೊಯ್‌ಶ್ವಾನ್‌ಸ್ಟೈನ್‌ಗೆ ದಿನಕ್ಕೆ ಸುಮಾರು 6,000 ಜನ ಬರುತ್ತಾರೆ. ಅಲ್ಲಿಗೇ ಹೋಗಿ ಕೌಂಟರಿನಲ್ಲಿ ಕೊಳ್ಳುತ್ತೇವೆ ಎಂದು ಹೊರಟವರು ಅರಮನೆಯ ಹೊರಗೋಡೆ ನೋಡಿ ಮರಳಿದ್ದು ಉಂಟು. ಆದ್ದರಿಂದ ಪ್ರವಾಸದ ದಿನಕ್ಕಿಂತ ಕೆಲವು ವಾರ ಮೊದಲೇ ಅಧಿಕೃತ ಜಾಲತಾಣದಲ್ಲಿ ಯಾವ ದಿನ, ಯಾವ ಗಂಟೆಗೆ ಜಾಗವಿದೆ ಎಂದು ನೋಡಿ, ಆ ದಿನ ಖಾಲಿಯಿರುವ ಗೈಡ್ ಜೊತೆ ಮಾತಾಡಿ, ಇಬ್ಬರಲ್ಲಿ ಟಿಕೆಟ್ ಕೊಳ್ಳುವವರು ಯಾರು ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. "ಅದೆಲ್ಲಾ ನಾವು ನೋಡಿಕೊಳ್ಳುತ್ತೇವೆ" ಎಂಬ ಬಾಯಿಮಾತು ಸಾಲದು. ಪ್ರವೇಶದ ಸಮಯ ನಮೂದಾದ ದೃಢೀಕರಣ ನಿಮ್ಮ ಕೈಗೆ ಬಂದಿರಬೇಕು.

ಬವೇರಿಯಾ ಸರ್ಕಾರದ ಅರಮನೆ ಇಲಾಖೆಗೆ ಸೇರಿದ ನೊಯ್‌ಶ್ವಾನ್‌ಸ್ಟೈನ್ ಮತ್ತು ಲಿಂಡರ್‌ಹೋಫ್‌ಗಳಲ್ಲಿ 18 ವರ್ಷದೊಳಗಿನವರಿಗೆ ಪ್ರವೇಶ ಶುಲ್ಕವಿಲ್ಲ. ಆದರೂ ಅವರ ಹೆಸರಿಗೊಂದು ಟಿಕೆಟ್ ಬೇಕು, ಏಕೆಂದರೆ ಪ್ರತಿ ಗುಂಪಿನಲ್ಲೂ ತಲೆ ಎಣಿಸಿ ಬಿಡುತ್ತಾರೆ. ಹೊಹೆನ್‌ಶ್ವಾಂಗೌ ಅರಮನೆ ಇಂದಿಗೂ ರಾಜಮನೆತನದ ನಿಧಿಯ ಒಡೆತನದಲ್ಲಿದ್ದು ಅಲ್ಲಿಯ ಟಿಕೆಟ್ ಬೇರೆ, ನಿಯಮ ಬೇರೆ. ಲಿಂಡರ್‌ಹೋಫ್‌ನಲ್ಲಿ ಅರಮನೆಯ ಜೊತೆಗೆ ಉದ್ಯಾನದ ವೀನಸ್ ಗುಹೆಯನ್ನೂ ನೋಡಬೇಕೆಂದರೆ ಅದನ್ನೂ ಆಗಲೇ ವಿಚಾರಿಸಬೇಕು. ಹಲವು ವರ್ಷಗಳ ದುರಸ್ತಿಯ ನಂತರ ಅದು 2025ರಲ್ಲಷ್ಟೇ ಮತ್ತೆ ತೆರೆದಿದೆ.

ಕಾಲದ ವಿಷಯದಲ್ಲಿ ನನ್ನ ಒಲವು ಮೇ ತಿಂಗಳ ಕೊನೆ ಅಥವಾ ಸೆಪ್ಟೆಂಬರ್ ಕಡೆಗೆ, ಅದರಲ್ಲೂ ವಾರದ ನಡುವಿನ ದಿನಗಳಿಗೆ. ಅಕ್ಟೋಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಲಿಂಡರ್‌ಹೋಫ್‌ನ ಉದ್ಯಾನದ ಕಟ್ಟಡಗಳು ಮುಚ್ಚಿರುತ್ತವೆ, ಕಾರಂಜಿಗಳೂ ನಿಂತಿರುತ್ತವೆ. ಹಿಮ ಮುಸುಕಿದ ನೊಯ್‌ಶ್ವಾನ್‌ಸ್ಟೈನ್ ಚೆಲುವಾಗಿ ಕಾಣುವುದು ನಿಜ. ಆದರೆ ಆಗ ಬೆಟ್ಟ ಹತ್ತುವ ಬಸ್ಸು ಓಡುವುದಿಲ್ಲ, ಅರಮನೆಯ ಫೋಟೋ ತೆಗೆಯಲು ಜನ ಹೋಗುವ ಮರಿಯೆನ್ ಸೇತುವೆಗೂ ಬೀಗ ಬೀಳುತ್ತದೆ. ಡಿಸೆಂಬರ್ 24, 25, 31 ಮತ್ತು ಜನವರಿ 1ರಂದು ನೊಯ್‌ಶ್ವಾನ್‌ಸ್ಟೈನ್‌ಗೆ ರಜೆ.

ಮೂರನೆಯ ಹೆಜ್ಜೆ: ಗೈಡ್ ಮತ್ತು ಗಾಡಿಯನ್ನು ಗೊತ್ತುಮಾಡುವುದು

ಜರ್ಮನಿಯಲ್ಲಿ ಪ್ರವಾಸಿ ಗೈಡ್ ಆಗಲು ಸರ್ಕಾರದ ಪರವಾನಗಿ ಕಡ್ಡಾಯವಲ್ಲ. ಯಾರು ಬೇಕಾದರೂ ತಮ್ಮನ್ನು ಗೈಡ್ ಎಂದು ಕರೆದುಕೊಳ್ಳಬಹುದು. ಅಲ್ಲಿಯ ಗೈಡ್‌ಗಳ ಒಕ್ಕೂಟ ತರಬೇತಿ ಕೊಟ್ಟು ನೀಡುವ ಪ್ರಮಾಣಪತ್ರವುಳ್ಳವರು ಸಿಕ್ಕರೆ ಅವರನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಆದರೆ ಹಣ ಪಡೆದು ಪ್ರಯಾಣಿಕರನ್ನು ಕಾರಿನಲ್ಲಿ ಕರೆದೊಯ್ಯುವವರಿಗೆ ಪ್ರತ್ಯೇಕ ಚಾಲನಾ ಪರವಾನಗಿ ಬೇಕೇ ಬೇಕು. ಸಾಮಾಜಿಕ ಜಾಲತಾಣಗಳ ಗುಂಪುಗಳಲ್ಲಿ ಅಗ್ಗದ ದರಕ್ಕೆ ಸ್ವಂತ ಕಾರು ತರುತ್ತೇನೆ ಎನ್ನುವವರ ಬಳಿ ಅದು ಇರುವುದಿಲ್ಲ. ಅಪಘಾತವಾದರೆ ವಿಮೆಯ ಪ್ರಶ್ನೆ ಏಳುತ್ತದೆ.

ದರವನ್ನು ಕೇಳುವಾಗ ಅದು ತಲೆಗೋ ಗಾಡಿಗೋ ಎಂಬುದನ್ನು ಮೊದಲು ಕೇಳಿ. ಗಾಡಿಯ ಲೆಕ್ಕವಾದರೆ ಐದಾರು ಜನರ ಕುಟುಂಬಕ್ಕೆ ಹಂಚಿಕೆಯಲ್ಲಿ ಗಿಟ್ಟುತ್ತದೆ. ಅನಂತರ, ಬರುವವರು ಕಾರು ಓಡಿಸುವ ಗೈಡೋ ಅಥವಾ ಬರೀ ಚಾಲಕರೋ, ಟಿಕೆಟ್ಟು ಮತ್ತು ಪಾರ್ಕಿಂಗ್ ದರದೊಳಗೇ ಸೇರಿವೆಯೋ, ನಿಗದಿತ ಗಂಟೆ ಮೀರಿದರೆ ಹೆಚ್ಚಿಗೆ ಎಷ್ಟು, ನಾವು ರದ್ದು ಮಾಡಿದರೆ ಎಷ್ಟು ವಾಪಸು ಎಂಬುದನ್ನೆಲ್ಲ ಒಂದೇ ಪತ್ರದಲ್ಲಿ ಕೇಳಿ ಉತ್ತರ ಪಡೆಯಿರಿ. 150 ಸೆಂಟಿಮೀಟರ್‌ಗಿಂತ ಗಿಡ್ಡಗಿರುವ, 12 ವರ್ಷ ತುಂಬದ ಮಕ್ಕಳಿಗೆ ಕಾರಿನಲ್ಲಿ ಅವರಿಗೆ ತಕ್ಕ ಆಸನ ಕಾನೂನಿನಂತೆ ಕಡ್ಡಾಯ. ಮಕ್ಕಳ ವಯಸ್ಸು ಮತ್ತು ಎತ್ತರವನ್ನು ಮೊದಲೇ ತಿಳಿಸದಿದ್ದರೆ ಬೆಳಿಗ್ಗೆ ಮನೆಯ ಮುಂದೆಯೇ ಪ್ರವಾಸ ನಿಂತುಹೋದೀತು. ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂಬ ನಮ್ಮೂರಿನ ಸಮಾಧಾನ ಅಲ್ಲಿ ನಡೆಯುವುದಿಲ್ಲ.

ಕನ್ನಡ ಬಲ್ಲ ಗೈಡ್ ಸಿಗುವುದು ಅಪರೂಪವಾದ್ದರಿಂದ, ಇಂಗ್ಲಿಷ್ ತಿಳಿಯದ ಹಿರಿಯರಿಗೆ ಅನುವಾದಿಸುವ ಕೆಲಸ ಮಗನಿಗೋ ಸೊಸೆಗೋ ಬೀಳುತ್ತದೆ. ಅರಮನೆಯೊಳಗೆ ಗುಂಪು ಸಾಗುತ್ತಲೇ ಇರುವುದರಿಂದ ಅಲ್ಲಿ ಪಿಸುಗುಟ್ಟುತ್ತ ಹೇಳಲು ವ್ಯವಧಾನವಿರುವುದಿಲ್ಲ. ಕಥೆಯನ್ನೆಲ್ಲ ಕಾರಿನಲ್ಲೇ ಹೇಳಿ ಮುಗಿಸಿ, ಒಳಗೆ ನೋಡುವುದನ್ನಷ್ಟೇ ಇಟ್ಟುಕೊಳ್ಳುವುದು ಜಾಣತನ. ಒಳ್ಳೆಯ ಗೈಡ್ ಇದಕ್ಕೆ ಸಂತೋಷದಿಂದ ಸಹಕರಿಸುತ್ತಾರೆ, ನಡುನಡುವೆ ನಿಲ್ಲಿಸಿ ಅನುವಾದಕ್ಕೆ ಹೊತ್ತು ಕೊಡುತ್ತಾರೆ.

ನಾಲ್ಕನೆಯ ಹೆಜ್ಜೆ: ದಿನವನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುವುದು

ನೊಯ್‌ಶ್ವಾನ್‌ಸ್ಟೈನ್‌ನ ಪ್ರವೇಶ ಮಧ್ಯಾಹ್ನ 2.30ಕ್ಕೆ ಎಂದಿಟ್ಟುಕೊಳ್ಳೋಣ. ಆ ಹೊತ್ತಿಗೆ ನೀವು ಬೆಟ್ಟದ ಮೇಲೆ, ಅರಮನೆಯ ಅಂಗಳದಲ್ಲಿ, ತೆರೆಯ ಮೇಲೆ ನಿಮ್ಮ ಗುಂಪಿನ ಸಂಖ್ಯೆ ಮೂಡುವುದನ್ನು ಕಾಯುತ್ತ ನಿಂತಿರಬೇಕು. ಕಾರು ನಿಲ್ಲುವುದು ಕೆಳಗಿನ ಹಳ್ಳಿಯಲ್ಲಿ. ಅಲ್ಲಿಂದ ಮೇಲಕ್ಕೆ ಮೂರು ದಾರಿಗಳಿವೆ: ಮೂವತ್ತು ನಲವತ್ತು ನಿಮಿಷದ ಏರು ನಡಿಗೆ, ಕುದುರೆ ಗಾಡಿ, ಮತ್ತು ಬಸ್ಸು. ಕುದುರೆ ಗಾಡಿ ಅರಮನೆಯ ಬಾಗಿಲವರೆಗೆ ಹೋಗುವುದಿಲ್ಲ, ಇಳಿದ ಮೇಲೂ ಕಡಿದಾದ ಏರು ಉಳಿದಿರುತ್ತದೆ. ಬಸ್ಸು ಅರಮನೆಗಿಂತ ಎತ್ತರದಲ್ಲಿ, ಮರಿಯೆನ್ ಸೇತುವೆಯ ಹತ್ತಿರ ಇಳಿಸುವುದರಿಂದ ಅಲ್ಲಿಂದ ಅರಮನೆಗೆ ಇಳಿಜಾರು. ಹಿರಿಯರಿಗೆ ಇದೇ ಲೇಸು. ಆದರೆ ಬಸ್ಸಿಗೂ ಕುದುರೆ ಗಾಡಿಗೂ ಬೇಸಿಗೆಯಲ್ಲಿ ಉದ್ದದ ಸರದಿಯಿರುತ್ತದೆ.

ಮೊದಲ ಸಲ ಹೋದಾಗ ನಾವು ಎಡವಿದ್ದು ಇಲ್ಲೇ. ಗೊತ್ತುಮಾಡಿದ್ದ ಗಾಡಿಯವರು ನಮ್ಮನ್ನು ಪ್ರವೇಶಕ್ಕೆ ನಲವತ್ತೈದು ನಿಮಿಷ ಮುಂಚೆ ಕೆಳಗಿಳಿಸಿ ಬೇಕಾದಷ್ಟು ಹೊತ್ತಿದೆ ಎಂದರು. ಕುದುರೆ ಗಾಡಿಯ ಸರದಿಯಲ್ಲೇ ಅರ್ಧ ಗಂಟೆ ಕಳೆಯಿತು. ಅತ್ತೆಯವರ ಕೈ ಹಿಡಿದು ಕೊನೆಯ ಏರು ಹತ್ತಿ ಮುಗಿಸುವಷ್ಟರಲ್ಲಿ ನಮ್ಮ ಗುಂಪು ಒಳಹೋಗಿ ಆರು ನಿಮಿಷವಾಗಿತ್ತು. ತಪ್ಪಿದ ಟಿಕೆಟ್ಟಿಗೆ ಬದಲಿಯಿಲ್ಲ. ಅಂದಿನಿಂದ ನಾನು, ಹಳ್ಳಿಯಿಂದ ಮೇಲಕ್ಕೆ ಹೊರಡುವ ಹೊತ್ತು ಪ್ರವೇಶಕ್ಕಿಂತ ಕನಿಷ್ಠ ಒಂದೂವರೆ ಗಂಟೆ ಮೊದಲು ಎಂದು ಇಟ್ಟುಕೊಂಡಿದ್ದೇನೆ.

ಆ ಲೆಕ್ಕದಲ್ಲಿ 2.30ರ ಪ್ರವೇಶಕ್ಕೆ ಒಂದು ಗಂಟೆಗೆ ಬಸ್ಸಿನ ಸರದಿ, 12 ಗಂಟೆಗೆ ಹಳ್ಳಿಯಲ್ಲಿ ಊಟ, 11ಕ್ಕೆ ಲಿಂಡರ್‌ಹೋಫ್‌ನಿಂದ ನಿರ್ಗಮನ, 9ಕ್ಕೆ ಲಿಂಡರ್‌ಹೋಫ್‌ನ ಬಾಗಿಲು ತೆರೆಯುವಾಗ ಅಲ್ಲಿ ಹಾಜರಿ, ಎಂದರೆ 7.30ರೊಳಗೆ ಮ್ಯೂನಿಕ್ ಬಿಡಬೇಕು. ಚಳಿಗಾಲದಲ್ಲಿ ಲಿಂಡರ್‌ಹೋಫ್ ತಡವಾಗಿ ತೆರೆಯುವುದರಿಂದ ಲೆಕ್ಕ ಮುಂದಕ್ಕೆ ಹೋಗುತ್ತದೆ. ಗೈಡ್ ಕಳಿಸುವ ವೇಳಾಪಟ್ಟಿ ಇದಕ್ಕಿಂತ ಬಿಗಿಯಾಗಿದ್ದರೆ ಹಿಂಜರಿಯದೆ ತಿದ್ದಿಸಿ.

ದಾರಿಯಲ್ಲಿ

ಎರಡು ಅರಮನೆಗಳ ನಡುವಿನ ಅತಿ ಸುಂದರವಾದ ರಸ್ತೆ ಪ್ಲಾನ್‌ಸೇ ಎಂಬ ಸರೋವರದ ದಡದಲ್ಲಿ, ಆಸ್ಟ್ರಿಯಾದ ಒಳಗೆ ಹಾದುಹೋಗುತ್ತದೆ. ಎರಡೂ ಒಂದೇ ವೀಸಾ ಸಾಗುವ ಷೆಂಗೆನ್ ದೇಶಗಳಾದ್ದರಿಂದ ವೀಸಾದ ತೊಡಕಿಲ್ಲ, ಆದರೆ 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲಾ ಭೂಗಡಿಗಳಿಗೂ ತಪಾಸಣೆಯನ್ನು ವಿಸ್ತರಿಸಿತು. ಹೀಗಾಗಿ ಊರಿನಿಂದ ಬಂದವರು ಮೂಲ ಪಾಸ್‌ಪೋರ್ಟನ್ನೂ ಅಲ್ಲೇ ನೆಲೆಸಿರುವವರು ನಿವಾಸದ ಕಾರ್ಡನ್ನೂ ಜೊತೆಯಲ್ಲಿಟ್ಟುಕೊಂಡಿರಬೇಕು. ಪಾಸ್‌ಪೋರ್ಟನ್ನು ಮನೆಯ ಬೀರುವಿನಲ್ಲಿಟ್ಟು ಬರುವುದೇ ಸುರಕ್ಷಿತ ಎಂದು ಹಿರಿಯರು ವಾದಿಸುವ ಸಂಭವವಿದೆ.

ಬೆಳಗಿನ ದಾರಿಯಲ್ಲಿ 1330ರಲ್ಲಿ ಸ್ಥಾಪನೆಯಾದ ಎಟ್ಟಾಲ್ ಮಠದ ಗುಮ್ಮಟ ಕಾಣುತ್ತದೆ. ಹತ್ತಿರದಲ್ಲೇ ಇರುವ ಒಬರ್‌ಆಮರ್‌ಗೌ ಊರಿನ ಜನ 1633ರಲ್ಲಿ ಪ್ಲೇಗ್ ನಿಂತರೆ ಏಸುವಿನ ಕೊನೆಯ ದಿನಗಳ ನಾಟಕವನ್ನು ಆಡುತ್ತೇವೆಂದು ಹರಕೆ ಹೊತ್ತರು. ಇಡೀ ಊರೇ ವೇಷ ಕಟ್ಟುವ ಆ ಹರಕೆಯಾಟ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಇಂದಿಗೂ ನಡೆಯುತ್ತಿದೆ. 2020ರದು ಕೊರೊನಾದಿಂದಾಗಿ 2022ಕ್ಕೆ ಮುಂದೆ ಹೋಯಿತು. ಹರಕೆಯ ಬಯಲಾಟಗಳನ್ನು ಕಂಡು ಬೆಳೆದ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ.

ಊಟದ ವಿಷಯಕ್ಕೆ ಬಂದರೆ, ಶಾಕಾಹಾರಿಗಳಿಗೆ ಹಳ್ಳಿಯ ಹೋಟೆಲುಗಳಲ್ಲಿ ಸಿಗುವುದು ಚೀಸ್ ಬೆರೆಸಿದ ಕೇಸ್‌ಷ್ಪೆಟ್ಸ್‌ಲೆ ಎಂಬ ಹಿಟ್ಟಿನ ತಿನಿಸು, ಅದರಲ್ಲಿ ಮೊಟ್ಟೆಯಿರುತ್ತದೆ. ಬರೀ ಆಲೂಗಡ್ಡೆ ತಾನೇ ಎಂದು ತರಿಸಿಕೊಳ್ಳುವ ಬವೇರಿಯಾದ ಆಲೂಗಡ್ಡೆ ಸಲಾಡಿಗೆ ಹಲವೆಡೆ ಮಾಂಸದ ಸಾರು ಹಾಕಿರುತ್ತಾರೆ, ಕೇಳದೆ ತಿನ್ನಬೇಡಿ. ಡಬ್ಬಿಯಲ್ಲಿ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ ಸರೋವರದ ದಡದ ಬೆಂಚಿನ ಮೇಲೆ ಉಣ್ಣುವುದೇ ನಮ್ಮ ಮನೆಯ ರೂಢಿ. ಶೌಚಾಲಯಕ್ಕೆಂದು ಚಿಲ್ಲರೆ ನಾಣ್ಯಗಳಿರಲಿ.

ಅರಮನೆಗಳೊಳಗೆ ಏನನ್ನು ನೋಡಬೇಕು

ಲಿಂಡರ್‌ಹೋಫ್ ಮೂರರಲ್ಲಿ ಚಿಕ್ಕದು, ಲುಡ್ವಿಗ್‌ನ ಜೀವಿತಕಾಲದಲ್ಲಿ ಪೂರ್ಣಗೊಂಡದ್ದೂ ಅದೊಂದೇ. ಹಗಲು ಮಲಗಿ ಇರುಳು ಎದ್ದಿರುತ್ತಿದ್ದ ದೊರೆ ಇಲ್ಲಿ ಒಬ್ಬನೇ ಊಟ ಮಾಡುತ್ತಿದ್ದ. ಬಡಿಸುವವರ ಮುಖವೂ ಕಾಣಬಾರದೆಂದು ಅವನ ಊಟದ ಮೇಜನ್ನು ಕೆಳಗಿನ ಅಡುಗೆಮನೆಗೆ ಇಳಿಸಿ, ಬಡಿಸಿ, ಮತ್ತೆ ಮೇಲೆತ್ತುವಂತೆ ಮಾಡಲಾಗಿತ್ತು. ಆ ಮೇಜನ್ನು ತಪ್ಪದೆ ನೋಡಿ. ಉದ್ಯಾನದಲ್ಲಿರುವ ಮೂರಿಶ್ (ಸ್ಪೇನ್, ಉತ್ತರ ಆಫ್ರಿಕಾದ ಇಸ್ಲಾಮಿ ಶೈಲಿಯ) ಮಂಟಪ 1867ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆಂದು ತಯಾರಾಗಿದ್ದು, ಅನಂತರ ಲುಡ್ವಿಗ್ ಕೊಂಡು ತಂದು ಅದರೊಳಗೆ ಮೂರು ನವಿಲುಗಳ ಸಿಂಹಾಸನವೊಂದನ್ನು ಇಡಿಸಿದ. ಮಯೂರ ಸಿಂಹಾಸನದ ಕಥೆ ಕೇಳಿ ಬೆಳೆದವರು ಅದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ. ಕೃತಕ ಸರೋವರವುಳ್ಳ ವೀನಸ್ ಗುಹೆಯಲ್ಲಿ ಬಣ್ಣದ ಬೆಳಕಿಗಾಗಿ 1870ರ ದಶಕದಲ್ಲೇ ಡೈನಮೋಗಳಿಂದ ವಿದ್ಯುತ್ ಉತ್ಪಾದಿಸುತ್ತಿದ್ದರು.

ನೊಯ್‌ಶ್ವಾನ್‌ಸ್ಟೈನ್‌ನ ಒಳಗೆ ಫೋಟೋ ತೆಗೆಯುವಂತಿಲ್ಲ, ದೊಡ್ಡ ಬ್ಯಾಗುಗಳನ್ನೂ ಬಿಡುವುದಿಲ್ಲ. ಆದ್ದರಿಂದ ಊಟದ ಚೀಲ ಕಾರಿನಲ್ಲೇ ಇರಲಿ. ಪ್ರವಾಸದುದ್ದಕ್ಕೂ ಸುಮಾರು 165 ಮೆಟ್ಟಿಲು ಹತ್ತಿ 181 ಮೆಟ್ಟಿಲು ಇಳಿಯಬೇಕು. ನಡೆಯಲು ಕಷ್ಟವಿರುವವರಿಗೆ ಲಿಫ್ಟ್ ಬೇಕಿದ್ದರೆ ಟಿಕೆಟ್ ಕಾದಿರಿಸುವಾಗಲೇ ಕೇಳಬೇಕು, ಬಾಗಿಲಲ್ಲಿ ಕೇಳಿದರೆ ಆಗದು. ಸಿಂಹಾಸನದ ಸಭಾಂಗಣದಲ್ಲಿ ನೆಲವನ್ನು ನೋಡಿ: ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಲ್ಲಿನ ಚೂರುಗಳನ್ನು ಜೋಡಿಸಿ ಮಾಡಿದ ಪ್ರಾಣಿ ಸಸ್ಯಗಳ ಚಿತ್ರವದು. ಅನಂತರ ಮೆಟ್ಟಿಲುಗಳ ಮೇಲಿನ ಖಾಲಿ ಜಾಗವನ್ನು ನೋಡಿ. ಅಲ್ಲಿ ಸಿಂಹಾಸನವಿಲ್ಲ, ಎಂದೂ ಇರಲಿಲ್ಲ. ಅದು ತಯಾರಾಗುವ ಮೊದಲೇ, ಸಾಲದಲ್ಲಿ ಮುಳುಗಿದ್ದ ದೊರೆಯನ್ನು ಹುಚ್ಚನೆಂದು ಸಾರಿ 1886ರ ಜೂನ್ 12ರ ನಸುಕಿನಲ್ಲಿ ಇದೇ ಅರಮನೆಯಿಂದ ಕರೆದೊಯ್ದರು. ಅವನನ್ನು ಪರೀಕ್ಷಿಸದೆಯೇ ಹುಚ್ಚನೆಂಬ ವರದಿಗೆ ಸಹಿ ಹಾಕಿದ್ದ ವೈದ್ಯ ಗುಡ್ಡನ್ ಮತ್ತು ದೊರೆ ಇಬ್ಬರೂ ಮರುದಿನ ಸಂಜೆ ಇಂದಿನ ಸ್ಟಾರ್ನ್‌ಬರ್ಗ್ ಸರೋವರದಲ್ಲಿ ಶವವಾಗಿ ಸಿಕ್ಕರು. ಲುಡ್ವಿಗ್ ಇಲ್ಲಿ ವಾಸಿಸಿದ್ದು ಒಟ್ಟು 172 ದಿನ. ಅಪರಿಚಿತರ ಕಣ್ಣಿಗೆ ಬೀಳಬಾರದೆಂದು ಕಟ್ಟಿಸಿದ ಈ ಮನೆಯನ್ನು ಅವನು ಸತ್ತ ಏಳು ವಾರಕ್ಕೆ, ಆಗಸ್ಟ್ 1ರಂದು, ಟಿಕೆಟ್ ಇಟ್ಟು ಜನರಿಗೆ ತೆರೆದರು. ಕೊನೆಗೆ ಸಿಗುವ ಅಡುಗೆಮನೆಯನ್ನು ಅವಸರದಲ್ಲಿ ದಾಟಬೇಡಿ. ಒಲೆಯಿಂದೇಳುವ ಬಿಸಿಗಾಳಿಯಿಂದಲೇ ತಿರುಗುವ ಮಾಂಸ ಸುಡುವ ಸಲಾಕೆ ಅಲ್ಲಿದೆ.

ಮರಿಯೆನ್ ಸೇತುವೆಗೆ ಹೋಗುವುದಾದರೆ ಬಸ್ಸಿಳಿದ ಕೂಡಲೇ, ಅರಮನೆಗೆ ಇಳಿಯುವ ಮೊದಲೇ ಹೋಗಿಬನ್ನಿ. ಕಮರಿಯ ಮೇಲೆ ಸುಮಾರು 90 ಮೀಟರ್ ಎತ್ತರದಲ್ಲಿರುವ ಆ ಕಬ್ಬಿಣದ ಸೇತುವೆಯಿಂದಲೇ ಜನ ಕ್ಯಾಲೆಂಡರುಗಳಲ್ಲಿ ಕಾಣುವ ಫೋಟೋ ತೆಗೆಯುವುದು. ತಲೆಸುತ್ತುವವರು ಸೇತುವೆಯ ಮೇಲೆ ಕಾಲಿಡದೆ ಈಚೆಗೇ ನಿಲ್ಲಲಿ.

ಹೊರಡುವ ಮೊದಲು

ಬೆಟ್ಟದಿಂದ ಇಳಿದ ಮೇಲೆ ಚಾಲಕರು ನೇರವಾಗಿ ಹೆದ್ದಾರಿ ಹಿಡಿಯಲು ಬಯಸಬಹುದು, ಅದರಲ್ಲೂ ಭಾನುವಾರ ಸಂಜೆ ಮ್ಯೂನಿಕ್‌ನತ್ತ ವಾಹನಗಳು ಕಿಕ್ಕಿರಿಯುವುದರಿಂದ. ಆದರೂ ಶ್ವಾಂಗೌ ಊರಿನಾಚೆ ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತಿರುವ ಸೇಂಟ್ ಕೋಲೊಮನ್ ಚರ್ಚಿನ ಬಳಿ ಹತ್ತು ನಿಮಿಷ ನಿಲ್ಲಿಸಲು ಬೆಳಿಗ್ಗೆಯೇ ಹೇಳಿಟ್ಟಿರಿ. ಸೇತುವೆಯ ಮೇಲೆ ನೂಕುನುಗ್ಗಲಿನಲ್ಲಿ ನೋಡಿದ ಅರಮನೆ ಅಲ್ಲಿ ಬೆಟ್ಟ, ಕಾಡುಗಳೊಂದಿಗೆ ದೂರದಿಂದ ಕಾಣುತ್ತದೆ, ಸಮತಟ್ಟಾದ ನೆಲವಾದ್ದರಿಂದ ಯಾರೂ ಏದುಸಿರು ಬಿಡಬೇಕಿಲ್ಲ. ಗೈಡ್‌ಗೆ ಭಕ್ಷೀಸು ಕೊಡುವುದು ಅಲ್ಲಿ ಕಡ್ಡಾಯವಲ್ಲ, ದಿನ ಚೆನ್ನಾಗಿ ಸಾಗಿದ್ದರೆ ನೂರಕ್ಕೆ ಹತ್ತರಷ್ಟು ಕೊಡುವುದು ರೂಢಿ. ಮನೆಯ ಮುಂದೆ ಇಳಿಯುವ ಗಡಿಬಿಡಿಯಲ್ಲಿ ಮರೆಯುವ ಬದಲು ಆ ಹುಲ್ಲುಗಾವಲಿನಲ್ಲೇ, ಹಿರಿಯರ ಕೈಯಿಂದ ಕೊಡಿಸಿಬಿಡುವುದು ನನ್ನ ಪದ್ಧತಿ.